ಉಬ್ಬಿದ ಬಾಗಿಲು

ಬಾಗಿಲು ಮಾಡುತ್ತಿದ್ದವನು ಸಣ್ಣಬಡಗಿ, ಹೆಸರು ಬರುತ್ತಿದ್ದುದು ಅವನ ಅಣ್ಣ ದೊಡ್ಡಬಡಗಿಗೆ. ಹೊಳೆ ಬದಿಯ ಬೀದಿಯಲ್ಲಿ ಯಾರ ಮನೆಯ ಬಾಗಿಲು ಚೆನ್ನಾಗಿ ಕೂತರೂ ಜನ ಅಣ್ಣನ ಬೆನ್ನು ತಟ್ಟುತ್ತಿದ್ದರು. ಸಣ್ಣಬಡಗಿ ಹಿಂದೆ ನಿಂತು ಮರದ ಹೊಟ್ಟು ಗುಡಿಸುತ್ತಿದ್ದ. ಒಮ್ಮೆ ಗಿರಾಕಿಯೊಬ್ಬಳು, "ಇವನ್ಯಾರು, ಕೆಲಸದವನಾ?" ಎಂದಳು. ಅಣ್ಣ ತಲೆಯನ್ನೂ ಎತ್ತದೆ, "ಹೂಂ, ಉಳಿ ಎತ್ತಿ ಕೊಡ್ತಾನೆ" ಎಂದ. ಅವತ್ತು ತಮ್ಮನ ಹೊಟ್ಟೆಗೆ ಬಿದ್ದ ಕಿಚ್ಚು ಮತ್ತೆ ಆರಲಿಲ್ಲ.

ಅಷ್ಟರಲ್ಲಿ ರೇಡಿಯೊ ಚಂಡಮಾರುತ ಬರುತ್ತಿದೆ ಎಂದು ಬಡಬಡಿಸತೊಡಗಿತು. ಸಣ್ಣಬಡಗಿಗೆ ಹಿಂದಿನ ನೆರೆ ನೆನಪಾಯಿತು. ಆಗ ಊರಿನ ಎಷ್ಟೋ ಬಾಗಿಲುಗಳು ನೀರು ಕುಡಿದು ಉಬ್ಬಿ ಚೌಕಟ್ಟು ಕಚ್ಚಿಕೊಂಡಿದ್ದವು, ಒಳಗಿದ್ದವರು ಒಳಗೇ ಸತ್ತಿದ್ದರು. ಯಾರೂ ಯಾರನ್ನೂ ಅನುಮಾನಿಸಿರಲಿಲ್ಲ. ಮರದ ಮೇಲೆ ಕೇಸು ಹಾಕುವವರು ಯಾರು?

ಅಂಗಡಿಯ ಹಿಂದೆ, ತಗ್ಗಿನಲ್ಲಿ, ಹಲಗೆ ಜೋಡಿಸಿಡುವ ಕೋಣೆ. ಕಿಟಕಿ ಇಲ್ಲ, ಬಾಗಿಲು ಹೊರಕ್ಕೆ ತೆರೆಯುತ್ತದೆ. ನೀರು ಬರುತ್ತದೆ ಎಂದರೆ ಅಣ್ಣ ಹಲಗೆ ಉಳಿಸಲು ತಾನಾಗಿಯೇ ಅಲ್ಲಿಗೆ ಇಳಿಯುತ್ತಾನೆ. ಆಗ ಬಾಗಿಲಿನ ಅಡಿಗೆ ಹೊರಗಿನಿಂದ ಒಂದು ಬೆಣೆ. ಅಷ್ಟೇ. ಉಳಿದದ್ದನ್ನು ಹೊಳೆ ನೋಡಿಕೊಳ್ಳುತ್ತದೆ.

ಹಾಗೆಯೇ ಆಯಿತು. ಕೋಳಿಗಳು ಹಿಂದು ಹಿಂದಕ್ಕೆ ಹಾರುವಂಥ ಗಾಳಿ. ನೀರು ಮೆಟ್ಟಿಲು ಮುಟ್ಟಿತು.

"ಲೋ, ಈ ತುದಿ ಹಿಡ್ಕೊಳೋ" ಎಂದು ಅಣ್ಣ ಒಳಗಿನಿಂದ ಕೂಗಿದ.

"ಬಂದೆ ಅಣ್ಣ" ಎಂದು ಸಣ್ಣಬಡಗಿ ಬಾಗಿಲು ಮುಚ್ಚಿ ಅದರ ಅಡಿಗೆ ಬೆಣೆ ಒದ್ದು ತೂರಿಸಿದ. ಒಳಗಿನ ಬಡಿತವನ್ನು ಗಾಳಿ ನುಂಗಿತು.

ದಿಬ್ಬದ ಮೇಲಿನ ಶಾಲೆಯಲ್ಲಿ ಊರೆಲ್ಲ ಸೇರಿತ್ತು. ಅತ್ತಿಗೆ ಬಳಿಗೆ ಬಂದು, "ನಿಮ್ಮಣ್ಣ ಎಲ್ಲಪ್ಪಾ?" ಎಂದಳು.

"ಹಲಗೆ ತರ್ತೀನಿ ಅಂತ ಇಳಿದ ಅತ್ತಿಗೆ. ಬೇಡ ಅಂದೆ, ನನ್ನ ಮಾತು ಯಾವತ್ತು ಕೇಳಿದಾನೆ?"

ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಇವಳಿಗೇನಾದರೂ ವಾಸನೆ ಬಡಿಯಿತೆ? ಗಂಜಿ ಬಡಿಸುವವನು ಒಂದು ಸೌಟು ಕಡಿಮೆ ಹಾಕಿದ, ಅವನಿಗೂ ಗೊತ್ತೆ? ಸಣ್ಣಬಡಗಿ ಜೋರಾಗಿ ಅತ್ತ. ಅತ್ತಿಗೆಗಿಂತ ಹೆಚ್ಚು ಅಳುತ್ತಿದ್ದೇನೆ ಅನ್ನಿಸಿ, ಸ್ವಲ್ಪ ಕಡಿಮೆ ಮಾಡಿದ.

ನೀರು ಇಳಿದ ಕೂಡಲೇ ಎಲ್ಲರಿಗಿಂತ ಮೊದಲು ಅವನೇ ಓಡಿದ. ಬೆಣೆ ಕಿತ್ತು ಕೆಸರಿಗೆ ಎಸೆದ. ಊರಿನ ಮರಮುಟ್ಟೆಲ್ಲ ಚೂರಾಗಿ ಬಿದ್ದಿರುವಾಗ ಆ ತುಂಡನ್ನು ಯಾರು ಹುಡುಕುತ್ತಾರೆ? ಬಾಗಿಲನ್ನು ಮುಟ್ಟದೆ ನೇರ ಠಾಣೆಗೆ ಹೋದ.

"ಸಾಹೇಬ್ರೆ, ಅಣ್ಣ ಒಳಗೇ ಸಿಕ್ಕಿಹಾಕ್ಕೊಂಡಿದಾನೆ. ಬಾಗಿಲು ಉಬ್ಬಿಬಿಟ್ಟಿದೆ, ಎಷ್ಟು ಎಳೆದ್ರೂ ಬರ್ತಿಲ್ಲ."

"ನಮ್ಮನೆ ಬಾಗಿಲೂ ಹಂಗೇ ಕಣಯ್ಯ. ಕಿಟಕಿ ಹತ್ತಿ ಇಳಿದು ಓಡಾಡ್ತಾ ಇದೀನಿ" ಎಂದ ಇನ್‌ಸ್ಪೆಕ್ಟರ್. ಸಣ್ಣಬಡಗಿಯ ಎದೆ ಹಗುರಾಯಿತು. ಅನುಮಾನದ ಸುಳಿವೇ ಇಲ್ಲ.

ಕೋಣೆಯ ಮುಂದೆ ಅತ್ತಿಗೆಯ ಜೊತೆ ಅರ್ಧ ಬೀದಿಯೇ ನಿಂತಿತ್ತು. ಪೇದೆ ಹಾರೆಯ ಮೊನೆಯನ್ನು ಬಾಗಿಲಿನ ಸಂದಿಗೆ ಇಟ್ಟ.

"ಯಾರಯ್ಯ ಇದನ್ನ ಮಾಡಿದ್ದು?" ಇನ್‌ಸ್ಪೆಕ್ಟರ್ ತುಟಿ ಸೊಟ್ಟ ಮಾಡಿದ. "ಒಂದು ನೆರೆಗೇ ಈ ಗತಿ. ಕಳಪೆ ಕೆಲಸ. ಒಡೆದು ಹಾಕು."

ಹಾರೆ ಮರಕ್ಕೆ ತಾಗಿ ಒಂದು ಸಿಬಿರು ಎದ್ದಿತು. ಸಣ್ಣಬಡಗಿಯ ಜೀವ ಚುರುಕ್ ಅಂದಿತು. "ಹಾರೆ ತೆಗೀರಿ, ಮರಕ್ಕೆ ಗಾಯ ಆಗುತ್ತೆ" ಎಂದು ಪೇದೆಯನ್ನು ಪಕ್ಕಕ್ಕೆ ತಳ್ಳಿದ. "ನಾನು ಮಾಡಿದ್ದು ಸ್ವಾಮಿ ಇದು. ನನ್ನ ಬಾಗಿಲು ಯಾವ ನೀರಿಗೂ ಉಬ್ಬಲ್ಲ." ಹೇಳುತ್ತಲೇ ಒಂದೇ ಬೆರಳಿನಲ್ಲಿ ಎಳೆದ. ಬಾಗಿಲು ಕಿರ್ ಎನ್ನದೆ ಪೂರ್ತಿ ತೆರೆದುಕೊಂಡಿತು. ಹೊಸ್ತಿಲ ಮೇಲೆ, ಎರಡೂ ಕೈ ಮುಂದೆ ಚಾಚಿ, ಅಣ್ಣ ಮಲಗಿದ್ದ. ಎಲ್ಲರೂ ನೋಡುತ್ತಿದ್ದುದು ಆ ಬೆರಳನ್ನು. ಗಾಳಿ, ನೀರು, ಬೆಣೆ, ಅಳು ಎಲ್ಲವನ್ನೂ ಅವನು ಯೋಚಿಸಿದ್ದ. ಆ ಬಾಗಿಲು ಮಾಡಿದವನು ಯಾರು ಎಂಬುದನ್ನು ಮಾತ್ರ ಊರಿನವರ ಹಾಗೆ ತಾನೂ ಮರೆತಿದ್ದ.