ಕಿಟಕಿಗೆ ನೇತುಬಿದ್ದ ಟ್ರೇ

ಓರಿನ್‌ನ ಹಳೇ ನೀಲಿ ಟ್ರಕ್ಕು ರಸ್ತೆ ಬಿಟ್ಟು ಒಳಗೆ ತಿರುಗಿದ್ದನ್ನು ವರ್ಲಾ ಕಂಡಳು. ಕಂಡೂ ಕಾಣದವಳ ಹಾಗೆ ಗಾಜಿನ ಮಗ್ ಒರೆಸತೊಡಗಿದಳು.

"ಬಂದ ನೋಡು ನಿನ್ನ ಮದುಮಗ," ಅಂದಳು ಅಂಗಡಿಯೊಡತಿ ಬ್ಯೂಲಾ, ಕಾದ ಹಂಚಿನ ಮೇಲೆ ಈರುಳ್ಳಿ ಹರಡುತ್ತ.

"ನನಗೆ ಮದುಮಗ ಯಾರೂ ಇಲ್ಲ, ಬ್ಯೂಲಾ ಆಂಟಿ. ಮಗ್ ಒಡೆಯೋ ಗಿರಾಕಿ ಒಬ್ಬ ಇದಾನೆ, ಅಷ್ಟೇ."

ಕಳೆದ ಶನಿವಾರದ ಸಂಗತಿ ಆ ಕ್ಯಾನ್ಸಸ್ ಊರಿಗೆಲ್ಲ ಗೊತ್ತಿತ್ತು. ಗಿರಾಕಿಗಳು ಗಾಡಿಯಲ್ಲೇ ಕೂತು ತಿಂದು ಕುಡಿಯುವ ಅಂಗಡಿ ಅದು; ವರ್ಲಾ ಎಂದಿನಂತೆ ಓರಿನ್‌ನ ಟ್ರಕ್ಕಿನ ಕಿಟಕಿಯ ಗಾಜಿಗೆ ಟ್ರೇ ಸಿಕ್ಕಿಸಿ, ತಣ್ಣಗೆ ಮಂಜುಗಟ್ಟಿದ ಮಗ್ಗಿನಲ್ಲಿ ಅಮಲಿಲ್ಲದ ಬೇರಿನ ಪಾನೀಯ ರೂಟ್ ಬಿಯರ್ ಇಟ್ಟಿದ್ದಳು. ಗೋಧಿ ಕೊಯ್ಯುವ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಆ ಗಟ್ಟಿ ಆಳು ಒಂದು ಗುಟುಕೂ ಕುಡಿಯದೆ, ಸ್ಟೀರಿಂಗನ್ನೇ ನೋಡುತ್ತ, "ನನ್ನ ಮದುವೆ ಆಗ್ತೀಯಾ?" ಅಂದುಬಿಟ್ಟ. ಅವಳು ಬಾಯಿ ತೆರೆಯುವಷ್ಟರಲ್ಲಿ ತನ್ನ ಮಾತಿಗೆ ತಾನೇ ಬೆಚ್ಚಿ ಗಾಡಿ ಓಡಿಸಿದ. ಟ್ರೇ ಇನ್ನೂ ಕಿಟಕಿಗೆ ನೇತಾಡುತ್ತಿತ್ತು! ರಸ್ತೆಯ ತುಂಬ ಗಾಜು, ನೊರೆ, ನಗು. ಆಮೇಲೆ ವಾರವಿಡೀ ಆಸಾಮಿ ಪತ್ತೆಯಿಲ್ಲ.

ಅವಳ ಸಿಟ್ಟು ಮಗ್ಗಿನ ಮೇಲಲ್ಲ. ಹೇಳಲು ಹೊರಟಿದ್ದ 'ಹೂಂ' ಗಂಟಲಲ್ಲೇ ಸಿಕ್ಕಿಕೊಂಡು, ಏಳು ದಿನ ನುಂಗಲೂ ಆಗದೆ ಉಗುಳಲೂ ಆಗದೆ ಚುಚ್ಚುತ್ತಿತ್ತು.

ಇವತ್ತು ಅವನು ಗಾಡಿಗಳು ನಿಲ್ಲುವ ಅಂಗಡಿ ಮುಂದಿನ ಚಪ್ಪರದ ಕೆಳಗೆ ಬರಲಿಲ್ಲ. ಅಂಗಳದ ಕೊನೆಯಲ್ಲಿ, ಜಲ್ಲಿ ಹಾಸಿದ ಮೂಲೆಯಲ್ಲಿ ನಿಲ್ಲಿಸಿದ. ಬೇರೆ ಗಿರಾಕಿಗಳೆಂದರೆ ಒಂದೇ ಕಾರು, ಅದರಲ್ಲಿ ಮುದುಕ ದಂಪತಿ. ಹೆದ್ದಾರಿಯಲ್ಲಿ ದೊಡ್ಡ ಕಂಪನಿಯವರ ಅಂಗಡಿ ಬಂದ ಮೇಲೆ, ಬ್ಯೂಲಾಳ ಗಂಡ ಅಂಗಡಿಯ ನೆಲಮಾಳಿಗೆಯಲ್ಲಿ ಬೇರು ಕುದಿಸಿ ಪಾಕ ಮಾಡುತ್ತಿದ್ದ ಕಾಲದ ಜನಜಂಗುಳಿ ಕರಗಿಹೋಗಿತ್ತು.

ಮೇ ತಿಂಗಳ ಸಂಜೆ. ಎಲೆ ಅಲುಗದಷ್ಟು ಸೆಕೆ. ಬೆಳಕು ಯಾಕೋ ಹಸಿರಾಗಿತ್ತು. ಒರೆಸಿಟ್ಟ ಮಗ್ಗುಗಳೂ ಹಸಿರು, ಬ್ಯೂಲಾಳ ಮುಖವೂ ಹಸಿರು. ಗೋಧಿ ಹೊಲದ ಹಕ್ಕಿಗಳ ಸದ್ದು ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ.

ಓರಿನ್‌ನ ಟ್ರಕ್ಕಿನ ದೀಪ ಮಿನುಗಿತು. ಆರಿ ಮತ್ತೆ ಮಿನುಗಿತು.

ಅಲ್ಲಿಯ ರೂಢಿ ಅದು: ಹಾರ್ನ್ ಹೊಡೆಯಬಾರದು, ಏನಾದರೂ ಬೇಕಿದ್ದರೆ ದೀಪ ಮಿನುಗಿಸಬೇಕು, ಹುಡುಗಿ ಓಡಿ ಬರುತ್ತಾಳೆ.

"ಹೋಗೇ, ಕರೀತಿದಾನೆ ಪಾಪ," ಅಂದಳು ಬ್ಯೂಲಾ.

"ಕರೀಲಿ. ಕಣ್ಣು ಹೊಡೆದ್ರೆ ಓಡಿ ಬರೋಕೆ ನಾನೇನು ಅವನ ಮನೆ ನಾಯಿನಾ?"

ದೀಪ ಮತ್ತೆ ಮಿನುಗಿತು, ಬಿಡುವಿಲ್ಲದೆ, ಹುಚ್ಚು ಹಿಡಿದಂತೆ. ವರ್ಲಾ ಬೇಕೆಂದೇ ಬೆನ್ನು ತಿರುಗಿಸಿದಳು. ಆದರೂ ಎದುರಿನ ಗಾಜಿನಲ್ಲಿ ಅವನ ಬಿಂಬವನ್ನು ಕದ್ದು ನೋಡದಿರಲು ಆಗಲಿಲ್ಲ. ಟೋಪಿ ಇಲ್ಲ, ಕೂದಲು ಕೆದರಿದೆ.

ಆಗ ಹಾರ್ನ್ ಕೂಗಿತು. ಕೂಗು ನಿಲ್ಲಲೇ ಇಲ್ಲ.

"ಇವನಿಗೆ ಮಾಡ್ತೀನಿ ಇರು!" ವರ್ಲಾ ಬಟ್ಟೆ ಎಸೆದು ಹೊರಟಳು. ಓರಿನ್ ಆಗಲೇ ಹಾರ್ನ್ ಬಿಟ್ಟು ಇಳಿದು, ಎರಡೂ ಕೈ ಬೀಸುತ್ತ ಇತ್ತ ಓಡಿ ಬರುತ್ತಿದ್ದ.

"ವಾರ ಆದ್ಮೇಲೆ ನೆನಪಾಯ್ತಾ ದೊರೆಗೆ? ಏನಂತ..."

"ಹಿಂದೆ ನೋಡು ವರ್ಲಾ! ಅಂಗಡಿ ಹಿಂದೆ!"

ಅವಳು ತಿರುಗಿದಳು. ಚಪ್ಪರದಡಿ ನಿಂತವರಿಗೆ ಅಂಗಡಿಯ ಗೋಡೆ ಇಷ್ಟು ಹೊತ್ತು ಮರೆಮಾಡಿದ್ದ ಪಡುವಣ ಆಕಾಶ ಅಲ್ಲಿಂದ ಪೂರ್ತಿ ಕಂಡಿತು. ಅದರಿಂದ ಕಪ್ಪು ಕಂಬವೊಂದು ಇಳಿದು, ಹೊಲವನ್ನು ಮಣ್ಣುಸಮೇತ ಎತ್ತಿಕೊಳ್ಳುತ್ತ ಬರುತ್ತಿತ್ತು. ಸುಂಟರಗಾಳಿ. ಅದು ಅತ್ತಿತ್ತ ಸರಿಯುತ್ತಲೇ ಇರಲಿಲ್ಲ, ದಪ್ಪವಾಗುತ್ತಿತ್ತು. ಅಂದರೆ ನೇರವಾಗಿ ಇತ್ತಲೇ.

ಅವನು ಬ್ಯೂಲಾಳನ್ನು ಎಳೆದು ತಂದ, ಇವಳು ಮುದುಕ ದಂಪತಿಯನ್ನು. ಎಲ್ಲರನ್ನೂ ನೆಲಮಾಳಿಗೆಗೆ ಇಳಿಸಿ, ಮೇಲಿನ ಬಾಗಿಲು ಗಾಳಿಗೆ ತೆರೆಯದಂತೆ ಅದರ ಹಗ್ಗಕ್ಕೆ ಓರಿನ್, ವರ್ಲಾ ಇಬ್ಬರೂ ಜೋತುಬಿದ್ದರು. ಕತ್ತಲು. ಹಳೇ ಪೀಪಾಯಿಗಳ ಸಿಹಿ ಬೇರಿನ ವಾಸನೆ. ಮೂಲೆಯಲ್ಲಿ ಮುದುಕಿಯ ಪ್ರಾರ್ಥನೆ.

"ದೀಪ ಹಾಕಿದಾಗ ಯಾಕೆ ಬರ್ಲಿಲ್ಲ?" ಅವನ ಉಸಿರು ಅವಳ ಕಿವಿಗೆ ತಾಕಿತು.

"ರೂಟ್ ಬಿಯರ್‌ಗೆ ಅಂದ್ಕೊಂಡೆ, ಪೆದ್ದ. ನೀನು ಯಾಕೆ ವಾರ ಬರ್ಲಿಲ್ಲ?"

"ಬೇಡ ಅಂತೀಯೇನೋ ಅಂತ. ಇವತ್ತೂ ಆ ಮೂಲೇಲೇ ನಿಂತ್ಕೊಂಡಿದ್ದು ಧೈರ್ಯ ಸಾಲದೆ. ವರ್ಲಾ, ಈಗಾದ್ರೂ..."

ಮುಂದಿನದನ್ನು ಮೇಲಿನ ಮೊರೆತ ನುಂಗಿತು. ರೈಲುಗಾಡಿಗಳು ತಲೆಯ ಮೇಲೇ ಹರಿದಂತೆ. ಬಾಗಿಲು ಮೇಲಕ್ಕೆ ಜಗ್ಗಿತು. ಹಗ್ಗ ಅಂಗೈ ಸುಟ್ಟಿತು.

"ಹೂಂ!" ಎಂದು ಕೂಗಿದಳು. ಅದು ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೂಗಿದಳು. ಇಲ್ಲ.

ಅವಳು ಕತ್ತಲಲ್ಲಿ ತಡಕಾಡಿ, ಅವನ ಒಂದು ಕೈಯನ್ನು ಹಗ್ಗದಿಂದ ಬಿಡಿಸಿ ತನ್ನ ಕೆನ್ನೆಗೆ ಒತ್ತಿಕೊಂಡು, ತಲೆಯಾಡಿಸಿದಳು. ಅವನಿಗೆ ಅರ್ಥವಾಗಿ, ಬೆರಳುಗಳು ಕೆನ್ನೆಯನ್ನು ಬಿಗಿಯಾಗಿ ಹಿಡಿದವು.

ಮೇಲೆ ಏನೋ ದೊಡ್ಡದು ಮುರಿದು ಎದ್ದು ಹೋಯಿತು. ಅವಳು ತಲೆಯಾಡಿಸುವುದನ್ನು ನಿಲ್ಲಿಸಲಿಲ್ಲ.