ಹಿಟ್ಟಿನ ಡಬ್ಬಿಯಲ್ಲಿ ಲೈಸೆನ್ಸ್

“ನಿಮ್ಮಪ್ಪ ಪುಕ್ಕಲ,” ಎಂದಳು ಊನಾ ಡೆವೆನಿ, ಸ್ಲೇಟಿನಿಂದ ತಲೆ ಎತ್ತದೆ.

“ಅಲ್ಲ,” ಎಂದಳು ಟ್ಯಾಮ್ಸಿನ್.

“ಹೌದು ಕಣೇ. ಬುಧವಾರ ಗುಡ್ಡದ ಮೇಲೆ ಬೆಂಕಿ ಹಾಕಿ ಎಲ್ಲರೂ ಲೈಸೆನ್ಸ್ ಸುಟ್ರು. ನಮ್ಮಪ್ಪನೂ ಸುಟ್ಟ. ಹುಬ್ಬೂ ಸ್ವಲ್ಪ ಸುಟ್ಕೊಂಡ. ನಿಮ್ಮಪ್ಪ ಸುಟ್ನಾ?”

“ಸುಟ್ಟ.”

“ಯಾವಾಗ? ನಾನು ನೋಡ್ಲಿಲ್ಲ.”

“ಆಮೇಲೆ. ನೀನು ಹೋದ್ಮೇಲೆ.”

ಇದು ಸುಳ್ಳು. ಅವಳ ಅಪ್ಪ ಪಾಸ್ಕೋ ಹಾಕಿಂಗ್ ಲೈಸೆನ್ಸ್ ಸುಟ್ಟಿರಲಿಲ್ಲ. ಮೇಣದ ಬಟ್ಟೆಯಲ್ಲಿ ಸುತ್ತಿದ ಆ ಕಾಗದ ಅವನ ಹ್ಯಾಟಿನೊಳಗೆ ಬೆಚ್ಚಗಿತ್ತು. ಬಲ್ಲರಾಟ್ ಎಂಬ ಆ ಚಿನ್ನದ ನೆಲದಲ್ಲಿ ಅಗೆಯುವವರೆಲ್ಲ ತಿಂಗಳು ತಿಂಗಳು ಹಣ ಕಟ್ಟಿ ಪಡೆದ ಲೈಸೆನ್ಸನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕಿತ್ತು. ಚಿನ್ನ ಸಿಗಲಿ, ಬರೀ ಕೆಸರು ಸಿಗಲಿ, ಸರ್ಕಾರಕ್ಕೆ ಅದರ ಗೊಡವೆ ಇರಲಿಲ್ಲ. ಕುದುರೆ ಪೊಲೀಸರು ಬಂದು “ಲೈಸೆನ್ಸ್” ಎಂದಾಗ ಅದು ಟೆಂಟಿನಲ್ಲಿದೆ ಎಂದರೂ ಎಳೆದೊಯ್ಯುತ್ತಿದ್ದರು. ಜನಕ್ಕೆ ಸಾಕಾಗಿ ಸುಟ್ಟುಬಿಟ್ಟಿದ್ದರು.

ಆ ಸಂಜೆ ಟ್ಯಾಮ್ಸಿನ್ ಕೇಳಿದಳು. “ಅಪ್ಪಾ, ನೀನ್ಯಾಕೆ ಸುಡ್ಲಿಲ್ಲ?”

ಅಪ್ಪ ಆಲೂಗಡ್ಡೆ ಅಗಿದು ನುಂಗಿದ. “ಸುಡೋಕೆ ಒಂದು ನಿಮಿಷ ಸಾಕು. ಬೇಕು ಅಂದಾಗ ಬೂದಿ ತೋರಿಸಿದ್ರೆ ಯಾರು ಒಪ್ತಾರೆ?”

“ಎಲ್ಲರೂ ನಿನ್ನ ಪುಕ್ಕಲ ಅಂತಾರೆ.”

“ಹೌದಾ?” ಎಂದ ಅಪ್ಪ. “ಉಪ್ಪು ಕೊಡು.”

ಉಪ್ಪಿನ ಮಾತು ಅವಳಿಗೆ ಸಹಿಸಲಾಗಲಿಲ್ಲ. ಅಪ್ಪ ಮೇಕೆ ಕಟ್ಟಲು ಹೋದಾಗ ಹ್ಯಾಟಿನೊಳಗಿಂದ ಲೈಸೆನ್ಸ್ ತೆಗೆದಳು. ಮೇಣದ ಬಟ್ಟೆಯನ್ನು ಖಾಲಿ ಸುತ್ತಿ ಅಲ್ಲೇ ಇಟ್ಟಳು. ಒಲೆಯಲ್ಲಿ ಕೆಂಡವಿತ್ತು. ಕಾಗದವನ್ನು ಅದರ ಹತ್ತಿರಕ್ಕೂ ಒಯ್ದಳು. ಕೈ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಹಿಟ್ಟಿನ ಡಬ್ಬಿಯ ತಳಕ್ಕೆ ತುರುಕಿ, ಮೇಲೆ ಹಿಟ್ಟು ಸಮ ಮಾಡಿದಳು. ಈಗ ಅಪ್ಪನ ಹತ್ತಿರವೂ ಲೈಸೆನ್ಸ್ ಇಲ್ಲ, ಬೇರೆ ಅಪ್ಪಂದಿರ ಹಾಗೆಯೇ.

ಅಷ್ಟರಲ್ಲಿ ಗಣಿಯವರು ಮರದ ದಿಮ್ಮಿ, ಮಗುಚಿದ ಗಾಡಿಗಳನ್ನೆಲ್ಲ ಸೇರಿಸಿ ಗುಡ್ಡದ ಮೇಲೆ ಒಂದು ಕೋಟೆ ಕಟ್ಟಿಕೊಂಡಿದ್ದರು. ಊನಾಳ ಟೆಂಟು ಮೊದಲಿಂದ ಅಲ್ಲೇ ಇದ್ದದ್ದು. ಅವಳ ಅಪ್ಪ ಡೆವೆನಿ ಕೋಟೆಗೆ ಹೋಗಲಿಲ್ಲ, ಕೋಟೆಯೇ ಅವನ ಮನೆ ಸುತ್ತ ಬಂದು ನಿಂತಿತು.

ಭಾನುವಾರ ಬೆಳಕು ಹರಿಯುವಾಗ ಅಪ್ಪ ಮೇಕೆಯ ಹಾಲು ಕರೆಯುತ್ತಿದ್ದ. ಗುಡ್ಡದ ಕಡೆಯಿಂದ ಪಟಪಟ ಸದ್ದು ಬಂತು. ಅಪ್ಪ ಹಾಲಿನ ಪಾತ್ರೆ ಕೆಳಗಿಟ್ಟ. ಟ್ಯಾಮ್ಸಿನ್‌ಳನ್ನು ಎತ್ತಿ ಪಕ್ಕದ ಹಳೇ ಗುಂಡಿಯೊಳಗೆ ಇಳಿಸಿದ. ಆಮೇಲೆ ಮೇಕೆಯನ್ನು ಇಳಿಸಿದ. ಆಮೇಲೆ ತಾನಿಳಿದು, ತಲೆ ಮಾತ್ರ ಮೇಲಿಟ್ಟು ನಿಂತ.

“ಏನಪ್ಪಾ ಅದು?”

“ಸಿಪಾಯಿಗಳು.”

“ಎಷ್ಟು ಜನ?”

“ಬೇಕಾದ್ದಕ್ಕಿಂತ ಜಾಸ್ತಿ.”

ಟ್ಯಾಮ್ಸಿನ್‌ಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಅವು ಇದ್ದಕ್ಕಿದ್ದಂತೆ ತುದಿಗಾಲಿನ ಮೇಲೆ ಎದ್ದವು. “ಬೇಡ,” ಎಂದ ಅಪ್ಪ, ಮೆಲ್ಲಗೆ, ಅಷ್ಟು ದೂರದಲ್ಲಿ ಕೇಳಿಸದ ಯಾರಿಗೋ. “ಬೇಡ, ಬೇಡ. ಕೈ ಎತ್ತಿದಾನೆ ಅವ್ನು.”

ಎಲ್ಲ ಸೇರಿ ಕಾಲು ಗಂಟೆ. ಆಲೂಗಡ್ಡೆ ಬೇಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮೇಲೆ ಬಂದು ನೋಡಿದರೆ ಟೆಂಟುಗಳು ಉರಿಯುತ್ತಿದ್ದವು. ಕೈ ಕಟ್ಟಿದವರನ್ನು ಸಾಲಾಗಿ ಸರ್ಕಾರಿ ಕ್ಯಾಂಪಿಗೆ ನಡೆಸಿಕೊಂಡು ಹೋಗುತ್ತಿದ್ದರು. ಏಳಲಾರದವರನ್ನು ಗಾಡಿಗೆ ಹಾಕುತ್ತಿದ್ದರು. ಅವರ ಮುಖಗಳಿಗೆ ಬಟ್ಟೆ ಮುಚ್ಚಿತ್ತು. ಒಂದೆರಡು ಜೊತೆ ಬೂಟುಗಳನ್ನು ಟ್ಯಾಮ್ಸಿನ್ ಗುರುತಿಸಿದಳು.

ಮೇಕೆ ಹಾಲಿನ ಪಾತ್ರೆ ಹುಡುಕಿಕೊಂಡು ಬಂದು, ತನ್ನ ಹಾಲನ್ನು ತಾನೇ ಕುಡಿಯಿತು. ಯಾರೂ ಬೈಯಲಿಲ್ಲ.

ಸೋಮವಾರ ಬೆಳಗ್ಗೆ ಊನಾ, ಅವಳ ಅಮ್ಮ ಬಂದರು. ಅವರ ಟೆಂಟು ಸುಟ್ಟುಹೋಗಿತ್ತು. ಊನಾ ನಜ್ಜುಗುಜ್ಜಾದ ಕೆಟಲ್ ಒಂದನ್ನು ತಬ್ಬಿಕೊಂಡಿದ್ದಳು. ಅದರ ಹೊಟ್ಟೆಯಲ್ಲಿ ಕತ್ತಿಯೇಟಿನ ಉದ್ದನೆಯ ಗಾಯವಿತ್ತು.

“ನಮ್ಮನೆಯವರ ಕೈಯಲ್ಲಿ ಈಟಿ ಇತ್ತಂತೆ, ಸಿಪಾಯಿಗೆ ಚುಚ್ಚೋಕೆ ಹೋದ್ರಂತೆ. ಹಿಡ್ಕೊಂಡು ಹೋಗಿ ಕ್ಯಾಂಪಲ್ಲಿ ಹಾಗಂತ ಬರ್ಕೊಂಡಿದಾರೆ,” ಎಂದಳು ಊನಾಳ ಅಮ್ಮ. “ಹಾಗೇ ಬಿಟ್ರೆ ನೇಣು. ನೋಡಿದವರು ಯಾರಾದ್ರೂ ಮ್ಯಾಜಿಸ್ಟ್ರೇಟ್ ಮುಂದೆ ಬಂದು ಹೇಳ್ಬೇಕಂತೆ. ಹನ್ನೊಂದು ಟೆಂಟಿಗೆ ಹೋಗಿ ಬಂದೆ. ಎಲ್ಲರೂ ನಿದ್ದೆಯಲ್ಲಿದ್ರಂತೆ.”

ಆ ಭಾನುವಾರ ಗುಡ್ಡದ ಕೆಳಗಿನ ಹಳ್ಳದ ಬದಿಯ ಜನ ಮಲಗಿದಷ್ಟು ಗಾಢವಾಗಿ ಪ್ರಪಂಚದಲ್ಲಿ ಯಾರೂ ಮಲಗಿರಲಿಲ್ಲ. ನೂರಾರು ಬಂದೂಕುಗಳ ಸದ್ದಿಗೂ ಒಬ್ಬರಿಗೂ ಎಚ್ಚರವಾಗಿರಲಿಲ್ಲ.

“ನಾನು ಎದ್ದಿದ್ದೆ,” ಎಂದ ಅಪ್ಪ. “ಈಟಿ ಇರ್ಲಿಲ್ಲ. ಕೆಟಲ್ ಇತ್ತು. ಒಂದು ಕೈಯಲ್ಲಿ ಕೆಟಲ್, ಇನ್ನೊಂದು ಕೈ ಮೇಲೆ. ಹೊಡೆದವನ ಮುಖಾನೂ ನೋಡಿದೀನಿ.”

ಅವನು ಹ್ಯಾಟು ತೆಗೆದು, ಮೇಣದ ಬಟ್ಟೆ ಬಿಡಿಸಿದ. ಬಟ್ಟೆಯನ್ನು ತಿರುಗಿಸಿ ನೋಡಿದ. ಹ್ಯಾಟನ್ನು ಕೊಡವಿದ. ಮತ್ತೆ ಬಟ್ಟೆ ನೋಡಿದ.

“ಲೈಸೆನ್ಸ್ ಇಲ್ಲ,” ಎಂದ. “ಲೈಸೆನ್ಸ್ ಇಲ್ದೆ ಗೇಟಿನ ಹತ್ರ ಹೋದ್ರೆ ಡೆವೆನಿ ಪಕ್ಕದಲ್ಲೇ ನನ್ನೂ ಕೂರಿಸ್ತಾರೆ. ಕೈದಿ ಹೇಳಿದ್ದನ್ನ ಯಾರು ಬರ್ಕೊಳ್ತಾರೆ?”

ಅಪ್ಪ ಮೇಕೆಯ ಕಡೆ ನೋಡಿದ. ಅದು ಹಿಂದೆ ಅರ್ಧ ಬೈಬಲ್, ಒಂದು ಕಾಲುಚೀಲ ತಿಂದಿತ್ತು. ಮೇಕೆಯೂ ಅಪ್ಪನ ಕಡೆ ನೋಡಿತು.

“ದರಿದ್ರದ್ದೇ,” ಎಂದ ಅಪ್ಪ.

ಹಿಟ್ಟಿನ ಡಬ್ಬಿ ಟ್ಯಾಮ್ಸಿನ್‌ಗೆ ಎರಡೇ ಹೆಜ್ಜೆ ದೂರದಲ್ಲಿತ್ತು. ಅವಳ ಅಮ್ಮ ಈ ದೇಶಕ್ಕೆ ಬರುವಾಗ ಹಡಗಿನಲ್ಲೇ ತೀರಿಹೋಗಿದ್ದಳು. ಈಗ ಇರುವವನು ಅಪ್ಪ ಒಬ್ಬನೇ. ಹೊಡೆದವನ ಮುಖ ನೋಡಿದ್ದೇನೆ ಎಂದು ಹೊಡೆದವರ ಕ್ಯಾಂಪಿಗೇ ಹೋಗಿ ಹೇಳುತ್ತಾನಂತೆ. ಕಾಗದ ಸಿಗದಿದ್ದರೆ ಇಲ್ಲೇ ಇರುತ್ತಾನೆ. ಮಧ್ಯಾಹ್ನ ಆಲೂಗಡ್ಡೆ ತಿನ್ನುತ್ತಾನೆ. ಉಪ್ಪು ಕೇಳುತ್ತಾನೆ.

“ಅಮ್ಮಾ, ಹೋಗೋಣ ಬಾ,” ಎಂದಳು ಊನಾ. “ಅವರಿಗೆ ಬರಕ್ಕಾಗಲ್ಲ. ಮೇಕೆ ಏನೂ ತಿಂದಿಲ್ಲ. ಅವರೂ ಲೈಸೆನ್ಸ್ ಸುಟ್ಬಿಟ್ಟಿದಾರೆ. ಟ್ಯಾಮ್ಸಿನೇ ಹೇಳಿದ್ಲು.”

ಊನಾಳ ದನಿಯಲ್ಲಿ ಕೊಂಕು ಇರಲಿಲ್ಲ. ಅವಳು ಆ ಮಾತನ್ನು ಪೂರಾ ನಂಬಿದ್ದಳು.

ಅಪ್ಪ ಟ್ಯಾಮ್ಸಿನ್ ಕಡೆ ತಿರುಗಿದ.

ಅವಳು ಎರಡು ಹೆಜ್ಜೆ ನಡೆದು, ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು. ಕಾಗದ ಬೆಳ್ಳಗೆ ಹೊರಗೆ ಬಂತು.

ಅಪ್ಪ ಅದನ್ನು ಬೂಟಿಗೆ ಬಡಿದು ಹಿಟ್ಟು ಉದುರಿಸಿದ. “ಮೇಕೆಗೆ ಒಂದು ಎಲೆಕೋಸು ಕೊಡು,” ಎಂದ. “ಸುಮ್ಮನೆ ಬೈದೆ.” ಊನಾಳ ಕೈಯಿಂದ ಕೆಟಲ್ ಕೇಳಿ ತೆಗೆದುಕೊಂಡ. ಊನಾಳ ಅಮ್ಮನ ಜೊತೆ ಹಳ್ಳ ದಾಟಿ ಕ್ಯಾಂಪಿನ ದಾರಿ ಹಿಡಿದ.

ಹುಡುಗಿಯರಿಬ್ಬರೂ ಗುಂಡಿಯ ಅಂಚಿನಲ್ಲಿ ಕೂತರು. ಮೇಕೆ ಎಲೆಕೋಸು ಮುಗಿಸಿತು. ನೆರಳು ಟೆಂಟಿನ ಈ ಬದಿಯಿಂದ ಆ ಬದಿಗೆ ಹೋಯಿತು.

“ಸುಟ್ಟಿರ್ಲಿಲ್ವಾ ಹಾಗಾದ್ರೆ?” ಎಂದಳು ಊನಾ.

“ಇಲ್ಲ.”

“ಒಳ್ಳೇದಾಯ್ತು,” ಎಂದಳು ಊನಾ. “ಇವತ್ತಿಗೆ ಮಾತ್ರ,” ಎಂದು ಸೇರಿಸಿದಳು.

ಬಿಸಿಲು ಇಳಿಯುವಾಗ ಮೂರು ಜನ ಹಳ್ಳ ದಾಟಿ ಬರುತ್ತಿದ್ದದ್ದು ಕಾಣಿಸಿತು. ಮಧ್ಯದವನ ತೋಳು ಬಟ್ಟೆಯ ಜೋಳಿಗೆಯಲ್ಲಿತ್ತು. ಊನಾ ಎದ್ದು ಓಡಿದಳು. ಒಂದು ಬೂಟು ದಾರಿಯಲ್ಲೇ ಕಳಚಿ ಬಿತ್ತು. ಅವಳು ಅದಕ್ಕಾಗಿ ನಿಲ್ಲಲಿಲ್ಲ.

“ಏನು ಕೇಳಿದ್ರು?” ಎಂದಳು ಟ್ಯಾಮ್ಸಿನ್ ಅಪ್ಪನನ್ನು.

“ಆಯುಧ ಯಾವುದು ಅಂದ್ರು. ಕೆಟಲ್ ಅಂದೆ. ಒಳಗೇನಿತ್ತು ಅಂದ್ರು. ಚಹಾ ಅಂದೆ. ಮ್ಯಾಜಿಸ್ಟ್ರೇಟ್ ಇಣುಕಿ ನೋಡಿದ.”

“ಇತ್ತಾ?”

“ಚಹಾ ಸೊಪ್ಪು ಅಂಟಿಕೊಂಡಿತ್ತು.”

“ಹೊಡೆದವನ ವಿಷಯ?”

“ಹೇಳಿದೆ. ಪೆನ್ನಿಗೆ ಶಾಯಿ ಮುಗಿದಿದೆ ಅಂದ್ರು. ಶಾಯಿ ಬರೋವರೆಗೂ ಕಾಯ್ತೀನಿ ಅಂದೆ. ಬಾಗಿಲಲ್ಲಿ ಆ ಮನುಷ್ಯನೇ ನಿಂತಿದ್ದ.”

ಅವನು ಅದನ್ನು ಹವಾಮಾನ ಹೇಳುವ ಹಾಗೆ ಹೇಳಿದ.

“ಬರ್ಕೊಂಡ್ರಾ?”

“ಕೊನೆಗೆ.”

ಕೆಟಲಿನ ಗಾಯ ಮೇಲ್ಭಾಗದಲ್ಲಿತ್ತು, ಹಾಗಾಗಿ ಅದು ಅರ್ಧದವರೆಗೆ ನೀರು ಹಿಡಿಯುತ್ತಿತ್ತು. ಟ್ಯಾಮ್ಸಿನ್ ಅದರಲ್ಲೇ ಚಹಾ ಕುದಿಸಿದಳು. ಡೆವೆನಿ ಒಂದೇ ಕೈಯಲ್ಲಿ ಲೋಟ ಹಿಡಿದು, ಕೆಟಲ್ ಹಾಳಾಯಿತೆಂದು ಸಿಪಾಯಿಗಳನ್ನು ಬೈಯುತ್ತಿದ್ದ. ಎಲ್ಲರೂ ಕೇಳುತ್ತಿದ್ದರು.

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆದರೂ ಚಹಾ ತುಳುಕಿ ಬೆರಳ ಮೇಲೆ ಹರಿಯುತ್ತಿತ್ತು. ಅವನು ಲೋಟ ಕೆಳಗಿಟ್ಟು ಕೈಗಳನ್ನು ತೊಡೆಯ ನಡುವೆ ಒತ್ತಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿಕೊಂಡ. ಮತ್ತೆ ತುಳುಕಿತು.

ಟ್ಯಾಮ್ಸಿನ್ ನೋಡುತ್ತಿದ್ದಳು. ಎರಡನೇ ಸಲ ಚಹಾ ಹಾಕುವಾಗ ಎಲ್ಲರಿಗೂ ತುಂಬ ಹಾಕಿ, ಅಪ್ಪನ ಲೋಟಕ್ಕೆ ಮಾತ್ರ ಅರ್ಧ ಹಾಕಿದಳು.