ಗಡಗಡ ಎಂದ ಹೊಸ ಕಾಯಿ

"ಮೀನಾಕ್ಷಮ್ಮಾರೇ, ನನ್ನ ರೀಲು ಕದ್ದವ್ರೆ ಕಣ್ರೀ! ಹೊನ್ನಕ್ಕಿ ಫೋಟೋ ಸಂಜೆಯೊಳಗೆ ತುಮಕೂರಿನ ಸ್ಪರ್ಧೆಗೆ ತಲುಪ್ಬೇಕು!"

ತೋಂಟದಾರ್ಯ ಹೀಗೆ ಕೂಗಿಕೊಂಡು ಬಂದಾಗ ನಾನು ಮೀನಾಕ್ಷಮ್ಮನ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅರಳಗುಪ್ಪೆಯಲ್ಲಿ ಏನು ಕಳೆದರೂ ಜನ ಓಡಿಬರುವುದು ಈ ಟೀಚರಮ್ಮನ ಬಾಗಿಲಿಗೇ. ಹಿಂದೆ ಓಡುವವಳು ನಾನು, ಪಕ್ಕದ ಮನೆ ವಿಮಲ. ಹೆಸರು ಮಾತ್ರ ಅವರಿಗೆ. ಇರಲಿ ಬಿಡಿ.

ಹಿತ್ತಿಲಲ್ಲಿ ಕರಟ ತೂಗುಹಾಕಿ, ಪರಂಗಿಹಣ್ಣಿಟ್ಟು, ಆ ಹಳದಿ ಹಕ್ಕಿಗಾಗಿ ತೋಂಟದಾರ್ಯ ವರ್ಷವೆಲ್ಲ ಕಾದಿದ್ದ. ಕೊನೆಗೂ ಫೋಟೋ ಸಿಕ್ಕಿತ್ತು. ರೀಲು ಪೂರ್ತಿ ಸುತ್ತಿ ಕ್ಯಾಮೆರಾದಲ್ಲೇ ಬಿಟ್ಟಿದ್ದ. ಬೆಳಿಗ್ಗೆ ನೋಡಿದರೆ ಕ್ಯಾಮೆರಾ ಭದ್ರವಾಗಿ ಮುಚ್ಚಿದೆ, ಒಳಗೆ ರೀಲಿಲ್ಲ!

"ಸ್ಟುಡಿಯೋ ಮರುಳಪ್ಪಂದೇ ಕೆಲ್ಸ. ಅವ್ನೂ ಸ್ಪರ್ಧೆಗೆ ನಿಂತವ್ನೆ. ನಿನ್ನೆ ನಮ್ಮ ಜಗಲೀಲಿ ಕೂತು ಹೊಟ್ಟೆ ಉರ್ಕೊಂಡು ಹೋದ. ಸಿಗ್ಲಿ, ಹಲ್ಲು ಉದುರಿಸ್ತೀನಿ!"

ತೋಂಟದಾರ್ಯನ ಮನೆಗೆ ಹೋದೆವು. ಹೆಂಡತಿ ಗುರುಸಿದ್ದಮ್ಮ ಕಾಫಿ ತಂದಳು. ತುರುಬಿಗೆ ಜೇಡರ ಬಲೆ ಅಂಟಿತ್ತು. ಅಟ್ಟಕ್ಕೆ ಏಣಿ ಒರಗಿತ್ತು.

"ಅಟ್ಟ ಹತ್ತಿದ್ದೇನೇ?" ಎಂದರು ಮೀನಾಕ್ಷಮ್ಮ.

"ಇಲ್ಲ ಕಣಕ್ಕ. ಕಾಯಿ ಏರಿಸಿ ಇನ್ನೂ ತಿಂಗಳಾಗಿಲ್ಲ, ಯಾಕೆ ಹತ್ಲಿ?"

ನಿಜವೇ. ನಮ್ಮ ಕಡೆ ಅಟ್ಟದ ತೆಂಗಿನಕಾಯನ್ನು ಒಳಗೆ ಕೊಬ್ಬರಿಯಾಗಿ ಗಡಗಡ ಎನ್ನುವವರೆಗೆ, ಹೆಚ್ಚುಕಡಿಮೆ ವರ್ಷ, ಯಾರೂ ಮುಟ್ಟುವುದಿಲ್ಲ. ಮೀನಾಕ್ಷಮ್ಮ ಮರುಳಪ್ಪನಿಗೆ ಹೇಳಿಕಳಿಸಿ, ಅಟ್ಟ ಹತ್ತಿ ಒಂದೊಂದೇ ಕಾಯಿ ಕುಲುಕತೊಡಗಿದರು. ಏಣಿ ಹಿಡಿದು ನನ್ನ ತೋಳು ಬಿದ್ದುಹೋಯಿತು. ಕಾಯಿಗಳಲ್ಲಿ ನೀರು ಕುಳಕ್ ಕುಳಕ್ ಎನ್ನುತ್ತಿತ್ತು. ಒಂದು ಮಾತ್ರ ಗಡಗಡ ಎಂದಿತು!

ಮರುಳಪ್ಪ ಬಂದ ಮೇಲೆ ಎಲ್ಲರನ್ನೂ ಕೂರಿಸಿ ಮೀನಾಕ್ಷಮ್ಮ ಆ ಕಾಯಿಯನ್ನು ತಿರುಗಿಸಿದರು. ಇಲಿ ಕೊರೆದ ತೂತು. ಬಗ್ಗಿಸಿದರೆ ರೀಲು ಅಂಗೈಗೆ ಬಿತ್ತು.

"ಇಲಿ ತಿಂದ ಕಾಯಿ ನೀರೊಲೆಗೆ ಹೋಗುತ್ತೆ, ಅಟ್ಟಕ್ಕಲ್ಲ. ಮರುಳಪ್ಪ ಕದ್ದಿದ್ರೆ ರೀಲನ್ನ ಎಳೆದು ಬಿಸಿಲಿಗೆ ಹಿಡಿದಿದ್ರೆ ಸಾಕಾಗಿತ್ತು, ಫೋಟೋ ಹಾಳು. ಇದನ್ನ ಜೋಪಾನ ಮಾಡವ್ರೆ. ಗಂಡನ ಶ್ರಮ ಹಾಳಾಗ್ಬಾರ್ದು, ಸ್ಪರ್ಧೆಗೂ ಹೋಗ್ಬಾರ್ದು ಅನ್ನೋರು ಯಾರು? ಏಣಿ ಇಟ್ಟೋರು, ತುರುಬಲ್ಲಿ ಬಲೆ ಹೊತ್ಕೊಂಡೋರು."

"ಹೊಟ್ಟೆ ಉರಿದಿದ್ದು ನಿಜ ಕಣಪ್ಪ, ಕದ್ದಿಲ್ಲ" ಎಂದ ಮರುಳಪ್ಪ.

ಗುರುಸಿದ್ದಮ್ಮ ಅಳುತ್ತಲೇ ಸಿಡಿದಳು. "ಉರಿದಿದ್ದು ನನ್ನ ಹೊಟ್ಟೆ! ಆ ಹಳದಿ ಸವತಿಗೆ ಹಣ್ಣು ಹೆಚ್ಚಿಡೋಳು ನಾನು. ಮದುವೆಯಾದಾಗಿಂದ ನನ್ನದೊಂದು ಫೋಟೋ ತೆಗೆದವ್ರಾ, ಕೇಳಿ!"

ತೋಂಟದಾರ್ಯ ತಲೆ ತಗ್ಗಿಸಿದ. ತೊಳೆದು ಫೋಟೋ ಮಾಡಿಕೊಡಲು ರೀಲನ್ನು ಮರುಳಪ್ಪನೇ ಇಸಿದುಕೊಂಡು, ತನ್ನ ಜೇಬಿನಿಂದ ಹೊಸ ರೀಲು ಕೊಟ್ಟ. ಗುರುಸಿದ್ದಮ್ಮ ರೇಷ್ಮೆ ಸೀರೆಯುಟ್ಟು ಹಿತ್ತಿಲಲ್ಲಿ ಕರಟದ ಪಕ್ಕ ನಿಂತಳು. ಮುಖ ಎಷ್ಟು ಅರಳಿತ್ತೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ತೋಂಟದಾರ್ಯ ಕ್ಯಾಮೆರಾ ಕಣ್ಣಿಗಿಟ್ಟ. ಬೆರಳು ಒತ್ತಬೇಕು, ಅಷ್ಟರಲ್ಲಿ ಪಿಸುಗುಟ್ಟಿದ:

"ಒಸಿ ಬಗ್ಗು ಕಣೇ! ಹಿಂದೆ ಹೊನ್ನಕ್ಕಿ ಬಂತು!"

ನೀರೊಲೆಗೆಂದು ಹಿತ್ತಿಲಿಗೆ ತಂದಿಟ್ಟಿದ್ದ ಇಲಿ ತಿಂದ ಕಾಯಿ ಅವಳ ಕೈಗೆಟುಕುವ ಕಟ್ಟೆ ಮೇಲೇ ಇತ್ತು. ಕ್ಯಾಮೆರಾ ಹೇಗೆ ಒಡೆಯಿತೆಂದು ಪತ್ತೆಮಾಡಲು ಮೀನಾಕ್ಷಮ್ಮನನ್ನು ಯಾರೂ ಕರೆಯಲಿಲ್ಲ.